ಕಂದು ಕೋಟಿನ ಕಳ್ಳಿ

ಚೆಕಿಂಗ್ ಯಜಮಾನರ ಮನೆ ಮುಂದಿನಿಂದ ಒಂದು ಚಪ್ಪಲಿ ಕಳುವಾಯಿತು. ಜೋಡಿಯಲ್ಲ, ಒಂದೇ ಒಂದು. ಅದೂ ಹೆಬ್ಬೆರಳಿನ ಹತ್ತಿರ ಎರಡು ಸಲ ಹೊಲಿಗೆ ಕಂಡಿದ್ದು. ಬೇರೆ ಯಾರಾದರೂ ಆಗಿದ್ದರೆ ಬೀದಿನಾಯಿಯನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಆದರೆ ಯಜಮಾನರು ಕೆಲಸದಲ್ಲಿದ್ದಷ್ಟು ಕಾಲ ಬಸ್ಸು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿದವರು. ಟಿಕೆಟ್ ಇಲ್ಲದವನ ಮೇಲೆ ಅವರಿಗೆ ಅನುಮಾನ. ಇದ್ದವನ ಮೇಲೆ ಇನ್ನೂ ದೊಡ್ಡ ಅನುಮಾನ. ನಿವೃತ್ತಿಯಾದ ಮೇಲೆ ಆ ಅನುಮಾನ ಉದ್ಯೋಗವಿಲ್ಲದೆ ಮನೆಯೊಳಗೇ ಅಡ್ಡಾಡುತ್ತಿತ್ತು.

"ಇವತ್ತು ಒಂದು ಕಾಲಿಂದು ಒಯ್ದಿದಾನೆ ಅಂದ್ರೆ ನಾಳೆ ಇನ್ನೊಂದಕ್ಕೆ ಬಂದೇ ಬರ್ತಾನೆ," ಎಂದು ತೀರ್ಮಾನಿಸಿ ಅವರು ನಾಲ್ಕು ಕ್ಯಾಮೆರಾ ಹಾಕಿಸಿದರು.

ಒಂದು ಗೇಟಿಗೆ, ಒಂದು ಮೆಟ್ಟಿಲಿಗೆ, ಒಂದು ಬೀದಿಯ ಉದ್ದಕ್ಕೆ, ಇನ್ನೊಂದು ಬೀದಿಯ ಅಗಲಕ್ಕೆ. ಬೀದಿಯ ಅಗಲ ಅಂದರೆ ಏನು ಮಹಾ, ಎರಡು ಸೈಕಲ್ಲು ಎದುರಾದರೆ ಒಬ್ಬರು ಇಳಿದು ಗೋಡೆಗೆ ಅಂಟಿಕೊಳ್ಳಬೇಕು. ಹಾಗಾಗಿ ನಾಲ್ಕನೆಯ ಕ್ಯಾಮೆರಾ ನೋಡುತ್ತಿದ್ದುದು ಬೀದಿಯನ್ನಲ್ಲ, ಎದುರುಮನೆಯ ಟೈಲರಮ್ಮನ ಕಿಟಕಿಯನ್ನು. ಹಿತ್ತಲ ಬಾಗಿಲಿಗೆ ಬೇಡವೇ ಎಂದು ಕ್ಯಾಮೆರಾ ಹಾಕುವವನು ಕೇಳಿದ್ದಕ್ಕೆ, "ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿದೆ, ಹೊತ್ಕೊಂಡ್ ಹೋಗ್ಲಿ," ಎಂದು ಅಪ್ಪಣೆಯಾಯಿತು.

ಏಣಿಯ ಮೇಲಿದ್ದ ಕ್ಯಾಮೆರಾದವನಿಗೆ ಸ್ವಲ್ಪ ಬುದ್ಧಿ ಇತ್ತು. "ಸಾರ್, ಇದು ಅವರ ಮನೆಯೊಳಗೆ ನೋಡ್ತಾ ಇದೆ. ಸ್ವಲ್ಪ ಕೆಳಗೆ ಬಗ್ಗಿಸ್ತೀನಿ. ಇಲ್ಲಾಂದ್ರೆ ಆ ಕಿಟಕಿ ಕಾಣೋ ಜಾಗಕ್ಕೆ ಕಪ್ಪು ಪಟ್ಟಿ ಹಾಕ್ತೀನಿ, ಅಷ್ಟು ಮಾತ್ರ ರೆಕಾರ್ಡ್ ಆಗಲ್ಲ."

"ಕಳ್ಳ ಆ ಕಿಟಕೀಲಿ ಕೂತಿದ್ರೆ?"

ಕ್ಯಾಮೆರಾದವನು ಏಣಿ ಇಳಿದ. ಇಂಥ ಪ್ರಶ್ನೆಗೆ ಉತ್ತರ ಹೇಳುವ ಕೂಲಿ ಅವನ ಬಿಲ್ಲಿನಲ್ಲಿ ಸೇರಿರಲಿಲ್ಲ.

ಆ ಕಿಟಕಿಯಲ್ಲಿ ಕೂತಿದ್ದುದು ಟೈಲರಮ್ಮ. ಅವಳ ಬದುಕೆಲ್ಲ ಅಲ್ಲೇ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಎದುರುಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಗೂಡು, ಆ ಗೂಡಿನ ಪಕ್ಕ ಮಣೆಯ ಮೇಲೆ ಕೂತು ಗುಂಡಿ ಹೊಲಿಯುವ ಅತ್ತೆ. ಗಂಡ ಲಾರಿ ಓಡಿಸುತ್ತಿದ್ದ. ಬಂದಾಗ ಬಂದ, ಹೋದಾಗ ಹೋದ. ಈ ಬಾಡಿಗೆ ಮನೆಯನ್ನು ಅವಳು ಹಿಡಿದಿದ್ದೇ ಆ ಕಿಟಕಿಯ ಬೆಳಕಿಗಾಗಿ. ಬಟ್ಟೆಯ ಬಣ್ಣಕ್ಕೆ ದಾರ ಹೊಂದಿಸುವುದು ಹಗಲ ಬೆಳಕಿನಲ್ಲಿ ಮಾತ್ರ ಸಾಧ್ಯ. ಟ್ಯೂಬ್‌ಲೈಟು ಎಂಥಾ ಸುಳ್ಳುಗಾರ ಎಂಬುದು ದರ್ಜಿಗಳಿಗೆ ಮಾತ್ರ ಗೊತ್ತು.

ಕ್ಯಾಮೆರಾ ಬಂದ ವಾರದಲ್ಲೇ ಗಿರಾಕಿಗಳು ಕತ್ತೆತ್ತಿ ನೋಡತೊಡಗಿದರು. "ಅದು ಇಲ್ಲಿಗೇ ನೋಡ್ತಿದೆ ಅಲ್ವಾ?" ಎಂದು ಒಬ್ಬಳು ಅಳತೆಗೆ ಎತ್ತಿದ ಕೈಗಳನ್ನು ಇಳಿಸಿಬಿಟ್ಟಳು. ಇನ್ನೊಬ್ಬಳು, ಹಳೇ ಅಂಗಿಯನ್ನೇ ಕೊಟ್ಟು ಕಳಿಸ್ತೀನಿ, ಅದನ್ನೇ ಅಳ್ಕೊಂಡು ಹೊಲಿ ಎಂದಳು. ಮೂರನೆಯವಳು ಏನೂ ಹೇಳಲಿಲ್ಲ, ಮತ್ತೆ ಬರಲೂ ಇಲ್ಲ. ಟೈಲರಮ್ಮ ಕಿಟಕಿಗೆ ದಪ್ಪನೆಯ ಪರದೆ ಎಳೆದು ಟ್ಯೂಬ್‌ಲೈಟಿನಲ್ಲಿ ಕೂತಳು. ಅದರ ಫಲವಾಗಿ ಕಪ್ಪು ಪ್ಯಾಂಟಿಗೆ ಕಡುನೀಲಿ ದಾರದಲ್ಲಿ ಹೊಲಿಗೆ ಬಿತ್ತು. ಗಿರಾಕಿ ಅದನ್ನು ಬಿಸಿಲಿಗೆ ಒಯ್ದು ನೋಡಿ ತಿರುಗಿ ಬಂದು ಮುಖದ ಮೇಲೆ ಬಿಸಾಡಿದ. ದಾರದ ವಿಷಯದಲ್ಲಿ ಹುಟ್ಟಿದಾಗಿನಿಂದ ಅವಳಿಗೆ ಯಾರೂ ಒಂದು ಮಾತು ಅಂದಿರಲಿಲ್ಲ. ಅವತ್ತು ಅವಳಿಗೆ ಅಳುವೇ ಬಂತು.

ಮೂಗು ಒರೆಸಿಕೊಂಡು ಎದುರುಮನೆಗೆ ಹೋದಳು. ಯಜಮಾನರು ದೊಡ್ಡ ಟೀವಿಯಲ್ಲಿ ನಾಲ್ಕು ಚೌಕ ಇಟ್ಟುಕೊಂಡು ಕೂತಿದ್ದರು. ಯಾವ ಚೌಕದಲ್ಲೂ ಏನೂ ನಡೆಯುತ್ತಿರಲಿಲ್ಲ. ಅದನ್ನು ಅವರು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅಣ್ಣಾ, ಆ ಒಂದನ್ನ ಸ್ವಲ್ಪ ಕೆಳಗೆ ಬಗ್ಗಿಸಿ. ನನ್ನ ಹತ್ರ ಹೆಂಗಸರು ಅಳತೆ ಕೊಡೋಕೆ ಬರ್ತಾರೆ."

"ಅಲ್ಲಮ್ಮಾ, ನಾನು ಕಾಯ್ತಿರೋದು ನಿನ್ನ ಮನೇನೂ ಸೇರಿಸ್ಕೊಂಡೇ. ಬಿಟ್ಟಿ ಕಾವಲು! ಥ್ಯಾಂಕ್ಸ್ ಹೇಳೋದು ಬಿಟ್ಟು ದೂರು ಹೇಳ್ತೀಯಲ್ಲ. ತಪ್ಪು ಮಾಡದೇ ಇರೋರಿಗೆ ಭಯ ಯಾಕೆ?"

"ಬಟ್ಟೆ ಬದಲಾಯಿಸೋದು ತಪ್ಪಲ್ಲ ಅಣ್ಣಾ, ಆದ್ರೂ ಬಾಗಿಲು ಹಾಕ್ಕೊಂಡೇ ತಾನೇ ಬದಲಾಯಿಸ್ತೀವಿ."

"ಆಯ್ತಾಯ್ತು, ಆ ಹುಡುಗನಿಗೆ ಹೇಳಿ ಕಪ್ಪು ಪಟ್ಟಿ ಹಾಕಿಸ್ತೀನಿ," ಎಂದರು ಯಜಮಾನರು, ಟೀವಿಯಿಂದ ಕಣ್ಣು ಕೀಳದೆ. ಆ ಹುಡುಗ ಬರಲೇ ಇಲ್ಲ. ಕರೆದರೆ ತಾನೇ ಬರುವುದು.

ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದವರು ಯಜಮಾನರ ಹೆಂಡತಿ. ಟೈಲರಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು. ಸೆಕೆಗಾಲದಲ್ಲೂ ಅಕ್ಕನ ಮೈಮೇಲೆ ದಪ್ಪ ಶಾಲು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ, ಬೆನ್ನು ಮುಂದಕ್ಕೆ ಬಾಗಿ, ಏನನ್ನೋ ಅವುಚಿಕೊಂಡವರ ಹಾಗೆ ನಡೆಯುತ್ತಿದ್ದರು. ಟೈಲರಮ್ಮನನ್ನು ಕಂಡು ಅವರು ಸಣ್ಣಗೆ ತಲೆಯಾಡಿಸಿದರು. ಇಬ್ಬರಿಗೂ ಗೊತ್ತಿದ್ದ ಒಂದು ಗುಟ್ಟಿತ್ತು, ಅದು ಟೀವಿ ಮುಂದೆ ಕೂತವರಿಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕನಿಗೆ ಗಡ್ಡೆಯಾಗಿ, ಆಸ್ಪತ್ರೆಯಲ್ಲಿ ಒಂದು ಕಡೆಯ ಎದೆಯನ್ನೇ ತೆಗೆದಿದ್ದರು. ಗಂಡನಿಗೆ ಗೊತ್ತಿತ್ತು, ಬೀದಿಗೆಲ್ಲ ಹೇಳಿದ್ದು ತವರಿಗೆ ಹೋಗಿದ್ದಾರೆ ಎಂದು. ಗುಣವಾಗಿ ಬಂದರು, ಆದರೆ ಮೈ ಒಂದು ಕಡೆಗೆ ವಾಲಿತು. ಅಂಗಡಿಯಲ್ಲಿ ಸಿಗುವ, ಮೆತ್ತೆ ತುಂಬಿದ ಒಳಬಟ್ಟೆ ಹಾಕಿದರೆ ಗಾಯದ ಗುರುತು ಉರಿಯುತ್ತಿತ್ತು. ಕಡೆಗೆ, ಕ್ಯಾಮೆರಾ ಬರುವ ಮೊದಲೇ, ಒಂದು ಮಧ್ಯಾಹ್ನ ತಮ್ಮ ಹಿತ್ತಲ ಬಾಗಿಲಿಂದ ಹೊರಟು ಬಂದು ಟೈಲರಮ್ಮನ ಪರದೆಯೊಳಗೆ ನಿಂತು ಶಾಲು ತೆಗೆದರು.

"ಇದಕ್ಕೆ ಏನಾದ್ರೂ ಮಾಡೋಕಾಗುತ್ತಾ?"

"ಆಗದೆ ಏನಕ್ಕಾ," ಎಂದಳು ಟೈಲರಮ್ಮ, ತೋಳಿನ ಉದ್ದದ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ.

ಹಳೆಯ, ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯ ಒಳಂಗಿ. ಒಳಗಡೆ ಒಂದು ಜೇಬು. ಮೊದಲು ಜೇಬಿಗೆ ಹತ್ತಿ ತುಂಬಿದಳು, ಹಗುರವಾಗಿ ಮೇಲಕ್ಕೇರಿತು. ಆಮೇಲೆ ಹತ್ತಿಯ ಜೊತೆ ಸಾಸಿವೆ ಕಾಳು ಹಾಕಿದಳು. ಭಾರವಾಗಿ ಪಟ್ಟಿ ಜಗ್ಗಿತು. ಬರೀ ಆಕಾರ ಬಂದರೆ ಸಾಲದು, ಎರಡೂ ಕಡೆ ತೂಕ ಸಮನಾದರೇ ಭುಜ ಸರಿಯಾಗುವುದು. ಅದಕ್ಕೇ ಅಷ್ಟು ಸಲ ಬರಬೇಕಾಗಿದ್ದು.

"ಯಜಮಾನ್ರಿಗೆ ಹೇಳಿಬಿಡಿ ಅಕ್ಕಾ, ಕ್ಯಾಮೆರಾ ತಾನಾಗೇ ಬಗ್ಗುತ್ತೆ," ಎಂದಳು ಟೈಲರಮ್ಮ, ಕ್ಯಾಮೆರಾ ಬಂದ ಮೇಲೆ ಒಂದು ದಿನ.

"ಹೇಳಿದ್ದೆ ಒಂದ್ಸಲ, ಹೀಗೊಂದು ಹೊಲಿಸ್ಕೊಳ್ತೀನಿ ಅಂತ. 'ಈ ವಯಸ್ಸಲ್ಲಿ ಯಾರು ನೋಡ್ತಾರೆ ಬಿಡೇ' ಅಂದ್ರು. ಬೈದಿದ್ದಲ್ಲ ಪಾಪ, ಸಮಾಧಾನಕ್ಕೇ ಅಂದಿದ್ದು." ಅಕ್ಕ ಶಾಲು ಎಳೆದು ಹೊದ್ದುಕೊಂಡರು. "ಈಗ ಗೊತ್ತಾದ್ರೆ ಮತ್ತೆ ಸಮಾಧಾನ ಹೇಳ್ತಾರೆ. ನಂಗದು ಬೇಡ. ನೀನು ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಟೈಲರಮ್ಮ ಮಾತು ಕೊಟ್ಟಳು. ಗಿರಾಕಿಯ ಮೈ ವಿಷಯ ಹೊಸಿಲು ದಾಟಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ. ಯಾರಿಗೆ ಬೆನ್ನು ಗೂನು, ಯಾರಿಗೆ ಒಂದು ಕಾಲು ಗಿಡ್ಡ, ಯಾರ ಹೊಟ್ಟೆ ಮದುವೆಗೆ ಮೊದಲೇ ಎಷ್ಟು ಮುಂದೆ ಬಂದಿದೆ, ಎಲ್ಲ ಅವಳಿಗೆ ಗೊತ್ತಿತ್ತು, ಯಾವುದೂ ಬೀದಿಗೆ ಗೊತ್ತಿರಲಿಲ್ಲ. ನಾಲ್ಕು ಕ್ಯಾಮೆರಾಕ್ಕಿಂತ ಹೆಚ್ಚು ಕಂಡಿದ್ದ ಹೆಂಗಸು ಅವಳು. ಟೀವಿಗೆ ಮಾತ್ರ ಹಾಕಿರಲಿಲ್ಲ.

ಕ್ಯಾಮೆರಾ ಬಂದ ಮೇಲೆ ಅಕ್ಕ ಬರುವುದು ಕಷ್ಟವಾಯಿತು. ಟೈಲರಮ್ಮ ತನ್ನಲ್ಲಿ ಯಾರೋ ಹೊಲಿಸಿ ವರ್ಷವಾದರೂ ಒಯ್ಯದಿದ್ದ ಉದ್ದನೆಯ ಕಂದು ಕೋಟೊಂದನ್ನು ಕೊಟ್ಟಳು. ಅದಕ್ಕೆ ಮುಖ ಮುಚ್ಚುವಂಥ ಟೋಪಿಯೂ ಇತ್ತು. ಯಜಮಾನರು ಉಂಡು ಮಲಗಿದಾಗ ಅಕ್ಕ ಕೋಟು ತೊಟ್ಟು, ಹಿತ್ತಲಿಂದ ಹೊರಟು, ಪಕ್ಕದ ಓಣಿ ಸುತ್ತಿ, ಬೀದಿಯ ಆ ತುದಿಯಿಂದ ಪರ ಊರಿನವರಂತೆ ಬರುತ್ತಿದ್ದರು. ಸ್ವಂತ ಮನೆ ಎದುರಿಗೆ ಹೋಗಲು ಊರು ಸುತ್ತಬೇಕು. ಕಾವಲು ಅಂದರೆ ಹೀಗಿರಬೇಕು.

ಒಂದು ಸಂಜೆ ಬೀದಿಯವರ ಮೊಬೈಲುಗಳೆಲ್ಲ ಒಟ್ಟಿಗೇ ಟಿಣ್ ಎಂದವು. 'ಬೀದಿ ಕಾವಲು' ಎಂದು ಯಜಮಾನರೇ ಕಟ್ಟಿದ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಟೈಲರಮ್ಮನ ಮನೆಯಿಂದ ಕಂದು ಕೋಟಿನ ಹೆಂಗಸೊಬ್ಬಳು ಹೊರಬಂದು, ಚೀಲ ಹಿಡಿದು, ಟೋಪಿ ಎಳೆದುಕೊಂಡು ಬೀದಿಯುದ್ದಕ್ಕೂ ನಡೆದು ಹೋಗುವುದು. ಕೆಳಗೆ ಯಜಮಾನರ ಬರಹ: 'ಯಾರೀಕೆ? ಪದೇ ಪದೇ ಬರುತ್ತಿದ್ದಾಳೆ. ಎಲ್ಲರೂ ಎಚ್ಚರದಿಂದಿರಿ.'

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಬರವೇ. ಚೀಲದಲ್ಲಿ ಕದ್ದ ಮಾಲಿದೆ ಎಂದು ಒಬ್ಬರು. ಟೈಲರಮ್ಮ ಕದ್ದ ಮಾಲನ್ನು ಇಳಿಸಿಕೊಳ್ಳುವವಳು ಎಂದು ಮತ್ತೊಬ್ಬರು. ಕಿರಾಣಿ ಅಂಗಡಿಯವನು ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, 'ನಡಿಗೆ ಗಮನಿಸಿ. ಎಷ್ಟು ನೆಟ್ಟಗೆ, ಧೈರ್ಯವಾಗಿ ನಡೀತಿದಾಳೆ. ಪಳಗಿದ ಕಳ್ಳಿ,' ಎಂದು ಬರೆದ. ಅದಕ್ಕೆ ಯಜಮಾನರು ಹೆಬ್ಬೆರಳಿನ ಗುರುತು ಒತ್ತಿದರು. ಚಪ್ಪಲಿಯನ್ನೂ ಈಕೆಯೇ ಒಯ್ದಿರಬೇಕು ಎಂದೂ ಸೇರಿಸಿದರು.

ಟೈಲರಮ್ಮನೂ ಆ ಗುಂಪಿನಲ್ಲಿದ್ದಳು. ಓದುತ್ತ ಓದುತ್ತ ಅವಳಿಗೆ ಮೈ ಉರಿಯಿತು. ಆ ನಡಿಗೆಯನ್ನು ಹೊಲಿದವಳು ಅವಳು! ಅವತ್ತು ಮೊದಲ ಸಲ ತೂಕ ಸರಿಹೊಂದಿತ್ತು. ಅಕ್ಕ ಕನ್ನಡಿಯ ಮುಂದೆ ಅತ್ತ ತಿರುಗಿ ಇತ್ತ ತಿರುಗಿ, ಹಾಕಿಕೊಂಡೇ ಹೋಗ್ತೀನಿ ಎಂದು ಹೊರಟಿದ್ದರು. ಬಂದದ್ದು ಬಾಗಿಕೊಂಡು, ಹೋದದ್ದು ನೆಟ್ಟಗೆ.

"ಒಂದು ಮಾತು ಅಂದ್ರೆ ಮುಗೀತಲ್ಲೇ," ಎಂದರು ಅತ್ತೆ. "ಅದು ನಿಮ್ಮ ಹೆಂಡ್ತಿ ಕಣ್ರೀ ಅಂತ ಬರಿ. ಆ ಮನುಷ್ಯ ಕ್ಯಾಮೆರಾ ಕಿತ್ತು ನುಂಗ್ತಾನೆ."

"ಮಾತು ಕೊಟ್ಟಿದೀನಿ ಅತ್ತೆ."

"ಹಾಗಾದ್ರೆ ಉಪವಾಸ ಬೀಳು," ಎಂದು ಅತ್ತೆ ದಾರ ಕಚ್ಚಿದರು. ಆದರೆ ಆ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಮತ್ತೆ ಬರಬೇಡಿ ಎಂದು ಅಕ್ಕನಿಗೆ ಹೇಳಬೇಕೆಂದಿದ್ದಳು. ಆದರೆ ಜೇಬಿನ ಬಾಯಿ ಹೊಲಿದು ಮುಗಿಸುವುದೊಂದು ಬಾಕಿ ಇತ್ತು, ಕಾಳು ಉದುರುತ್ತಿದ್ದವು. "ಇದೊಂದು ಸಲ," ಎಂದು ಅಕ್ಕ ಬಂದೇ ಬಂದರು. ಕೋಟು ಬಿಚ್ಚಿ ಗೂಡಿನೊಳಗೆ ಹೋದರು, ಟೈಲರಮ್ಮ ಸೂಜಿಗೆ ದಾರ ಪೋಣಿಸಿದಳು. ಅಷ್ಟರಲ್ಲಿ ಬಾಗಿಲು ದಬದಬ ಎಂದಿತು.

ಯಜಮಾನರು ಅವತ್ತು ಮಲಗಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನ ಮೇಲೆ ಕಣ್ಣಿಟ್ಟು ಹೊಂಚು ಹಾಕಿದ್ದರು. ಪಕ್ಕದ ಕೋಣೆಯಿಂದ ಹೆಂಡತಿ ಎದ್ದು ಹೋದದ್ದು ಅವರಿಗೆ ಗೊತ್ತಾಗಲಿಲ್ಲ, ಎದುರುಮನೆಗೆ ಕಳ್ಳಿ ಬಂದದ್ದು ಗೊತ್ತಾಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಅವರ ಹಿಂದೆ ಕಿರಾಣಿ ಅಂಗಡಿಯವನು, ಅವನ ಹಿಂದೆ ಟೈಲರಮ್ಮನ ಮನೆಯ ಓನರು, ಇನ್ನೂ ನಾಲ್ಕು ಜನ, ಮಾಡಲು ಬೇರೆ ಕೆಲಸವಿಲ್ಲದವರು.

ಟೈಲರಮ್ಮ ಹೊಸಿಲಿಗೆ ಅಡ್ಡ ನಿಂತಳು.

"ಒಳಗಿರೋಳನ್ನ ಕರಿ," ಎಂದರು ಯಜಮಾನರು, ಬಸ್ಸಿನ ಹಿಂಬಾಗಿಲಲ್ಲಿ ನಿಂತ ಗತ್ತಿನಲ್ಲಿ.

"ಗಿರಾಕಿ ಅಣ್ಣಾ. ಅಳತೆಗೆ ನಿಂತಿದಾರೆ. ಈಗ ಹೊರಗೆ ಬರೋ ಹಾಗಿಲ್ಲ."

"ಹೆಸರು?"

"ಹೇಳಲ್ಲ."

"ನೋಡಿದ್ರಾ, ನೋಡಿದ್ರಾ!" ಎಂದು ಯಜಮಾನರು ಹಿಂದೆ ತಿರುಗಿದರು. "ತಪ್ಪಿಲ್ಲ ಅಂದ್ರೆ ಹೆಸರು ಹೇಳೋಕೇನು ರೋಗ?"

ಓನರು ಮುಂದೆ ಬಂದ. ಅವನಿಗೆ ಕಳ್ಳಿಗಿಂತ ತನ್ನ ಮನೆಯ ಹೆಸರು ಕೆಡುವುದೇ ಚಿಂತೆ. "ನೋಡಮ್ಮಾ, ಸುಮ್ನೆ ರಗಳೆ ಬೇಡ. ಅವಳ ಮುಖ ತೋರಿಸು, ಹೋಗ್ತೀವಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡು."

ಟೈಲರಮ್ಮ ಒಮ್ಮೆ ಒಳಗೆ ತಿರುಗಿ ನೋಡಿದಳು. ಈ ಕಿಟಕಿ, ಈ ಬೆಳಕು, ಇದೇ ಬೀದಿಯಲ್ಲಿ ಕಟ್ಟಿಕೊಂಡ ಗಿರಾಕಿಗಳು. ಇನ್ನೊಂದು ಕಡೆ ಮತ್ತೆ ಮೊದಲಿಂದ ಶುರು ಮಾಡುವ ವಯಸ್ಸೇ ಇದು? 'ನಿಮ್ಮ ಹೆಂಡತಿ' ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದು ಕೂತವು. ನುಂಗಿದಳು.

"ಖಾಲಿ ಮಾಡ್ತೀನಿ," ಎಂದಳು. "ಆದ್ರೆ ಇವತ್ತು ಯಾರೂ ಒಳಗೆ ಬರೋ ಹಾಗಿಲ್ಲ."

ಆಗ ಪರದೆಯ ಹಿಂದಿನಿಂದ ದನಿ ಬಂತು. ಗಟ್ಟಿ ದನಿಯೇನಲ್ಲ, ಅಡುಗೆಮನೆಯಿಂದ ಹೊರಕೋಣೆಗೆ ಕೇಳುವಷ್ಟು.

"ರೀ, ಮನೆ ಬಾಗಿಲು ಹಾಕ್ಕೊಂಡ್ ಬಂದ್ರಾ?"

ಯಜಮಾನರ ಕತ್ತು ಮೊದಲು ತಿರುಗಿದ್ದು ತಮ್ಮ ಮನೆಯ ಕಡೆಗೆ. ನಾಲ್ಕು ಕ್ಯಾಮೆರಾ ಹೊತ್ತ ಆ ಮನೆಯ ಬಾಗಿಲು ಹಾರುಹೊಡೆದು ತೆರೆದುಕೊಂಡು ಬಿದ್ದಿತ್ತು. ಬೇಕಾದವರು ಟೀವಿಯನ್ನೇ ಹೊತ್ತುಕೊಂಡು ಹೋಗಬಹುದಿತ್ತು. ಆಮೇಲೆ ನಿಧಾನಕ್ಕೆ ಕತ್ತು ಪರದೆಯ ಕಡೆಗೆ ತಿರುಗಿತು.

"ಅರೆರೆ, ಇದು ನಿಮ್ಮ ಮನೆಯವರ ದನಿ!" ಎಂದ ಕಿರಾಣಿ ಅಂಗಡಿಯವನು, ಹಬ್ಬಿಸಲು ಇಷ್ಟು ಒಳ್ಳೆಯ ಸುದ್ದಿ ಸಿಕ್ಕ ಸಂತೋಷದಲ್ಲಿ. "ಅಲ್ಲಾ, ಅಮ್ಮನವರು ಮುಸುಕು ಹಾಕ್ಕೊಂಡ್ ಯಾಕೆ ಬರ್ಬೇಕು? ಆ ಚೀಲದಲ್ಲೇನಿದೆ? ತೋರಿಸಿ ಅಮ್ಮಾ, ಎಲ್ಲರ ಅನುಮಾನ ಹೋಗ್ಲಿ."

"ಹೌದ್ಹೌದು, ತೋರಿಸ್ಲಿ," ಎಂದವು ಹಿಂದಿನ ದನಿಗಳು. ತಪ್ಪು ಮಾಡದವರು ತೋರಿಸಲು ಹೆದರಬಾರದು ಎಂದು ವಾರಗಟ್ಟಲೆ ಅವರಿಗೆ ಪಾಠ ಹೇಳಿದ್ದವರು ಯಜಮಾನರೇ. ಶಿಷ್ಯರು ಚೆನ್ನಾಗಿ ಕಲಿತಿದ್ದರು.

ಯಜಮಾನರ ಕಣ್ಣು ಯಂತ್ರದ ಮೇಲೆ ಬಿತ್ತು. ಅಲ್ಲಿ ಹಳೆಯ ಒಳಂಗಿಯೊಂದು, ಒಂದೇ ಕಡೆ ಜೇಬು ಇಟ್ಟಿದ್ದು, ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಬಟ್ಟಲ ತುಂಬ ಸಾಸಿವೆ. ಅವರ ಮುಖದ ಬಣ್ಣ ಇಳಿಯುವುದನ್ನು ಟೈಲರಮ್ಮ ನೋಡಿದಳು. ಅದೇನೆಂದು ಆ ಗುಂಪಿನಲ್ಲಿ ಗೊತ್ತಾಗಿದ್ದು ಅವರೊಬ್ಬರಿಗೇ.

"ಅದು ನಂದು," ಎಂದರು ಯಜಮಾನರು.

"ಏನು ನಿಮ್ದು?"

"ಹೊಟ್ಟೆ ಪಟ್ಟಿ." ಅವರು ಹೊಟ್ಟೆ ಮುಟ್ಟಿ ತೋರಿಸಿದರು. "ಹೊಟ್ಟೆ ಬಂದಿದೆಯಲ್ಲ ನಂಗೆ. ಎಳೆದು ಕಟ್ಕೊಳ್ಳೋಕೆ ಒಂದು ಪಟ್ಟಿ ಹೊಲಿಸು ಅಂತ ನಾನೇ ಇವಳನ್ನ ಕಳಿಸಿದ್ದು. ನಾಚಿಕೆ ಆಗಿ ಗುಟ್ಟಾಗಿಡು ಅಂದಿದ್ದೆ."

"ಮತ್ತೆ ವಿಡಿಯೋ ಹಾಕಿ ಯಾರೀಕೆ ಅಂತ ಕೇಳಿದ್ರಲ್ಲ?"

"ಅದು... ನೀವೆಲ್ಲ ಎಷ್ಟು ಎಚ್ಚರವಾಗಿದೀರಾ ಅಂತ ಪರೀಕ್ಷೆ."

ಬೀದಿ ಬಿದ್ದು ಬಿದ್ದು ನಕ್ಕಿತು. ಯಜಮಾನರ ಹೊಟ್ಟೆಯನ್ನು ನೋಡಿ ನಕ್ಕಿತು, ಅದಕ್ಕೊಂದು ಪಟ್ಟಿ ಕಟ್ಟಿದರೆ ಹೇಗಿರುತ್ತದೆ ಎಂದು ಊಹಿಸಿ ಇನ್ನಷ್ಟು ನಕ್ಕಿತು. ಹುಟ್ಟಿದಾಗಿನಿಂದ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ತಲೆ ತಗ್ಗಿಸಿ, ಹೊಟ್ಟೆ ಮುಂದೆ ಚಾಚಿಕೊಂಡು ನಿಂತರು. ಓನರು, "ಇಷ್ಟಕ್ಕೆ ನನ್ನ ನಿದ್ದೆ ಕೆಡಿಸಿದ್ರಾ," ಎಂದು ಗೊಣಗಿ, ಟೈಲರಮ್ಮನಿಗೆ, "ಇರಮ್ಮಾ ಇರು, ಎಲ್ಲಿಗೂ ಹೋಗ್ಬೇಡ," ಎಂದು ಹೊರಟ. ಒಬ್ಬೊಬ್ಬರಾಗಿ ಎಲ್ಲರೂ ಕರಗಿದರು.

ಯಜಮಾನರು ಒಳಗೆ ಬಂದು ಕಿಟಕಿಯ ಪರದೆಯಲ್ಲಿ ಉಳಿದಿದ್ದ ಸಣ್ಣ ಸಂದನ್ನೂ ತಾವೇ ಎಳೆದು ಮುಚ್ಚಿದರು. ಅವರ ಜೇಬಿನಲ್ಲಿ ಮೊಬೈಲು ಟಿಣ್ ಎಂದು, ಎದುರುಮನೆ ಕಿಟಕಿಯಲ್ಲಿ ಏನೋ ಅಲುಗಾಡಿದೆ ಎಂದು ವರದಿ ಒಪ್ಪಿಸಿತು. ಅವರು ಅದನ್ನು ತೆಗೆದು ನೋಡಲಿಲ್ಲ.

ಟೈಲರಮ್ಮ ಯಂತ್ರದ ಮುಂದೆ ಕೂತು, ಕೈಸೂಜಿಯಲ್ಲಿ ಜೇಬಿನ ಬಾಯಿ ಹೊಲಿದು, ಒಳಂಗಿಯನ್ನು ಗೂಡಿನೊಳಗೆ ಚಾಚಿದಳು. ಅಕ್ಕ ಅದನ್ನು ತೊಟ್ಟು, ಸೀರೆ ಸರಿಮಾಡಿಕೊಂಡು ಹೊರಬಂದರು. ಕೋಟಿಲ್ಲ, ಶಾಲೂ ಇಲ್ಲ. ಎರಡೂ ಭುಜ ಒಂದೇ ಮಟ್ಟದಲ್ಲಿದ್ದವು. ಯಜಮಾನರು ಒಮ್ಮೆ ನೋಡಿ, ನೋಡಬಾರದ್ದನ್ನು ನೋಡಿದಂತೆ ನೆಲ ನೋಡಿದರು. ಟೈಲರಮ್ಮನಿಗೆ ಎದ್ದು ಹೋಗೋಣವೆಂದರೆ ಹಿಂದಿನ ಕೋಣೆಯ ದಾರಿಗೆ ಅವರಿಬ್ಬರೇ ಅಡ್ಡ ನಿಂತಿದ್ದರು. ಅತ್ತೆ ಮಾತ್ರ ಗುಂಡಿ ಹೊಲಿಯುತ್ತಲೇ ಇದ್ದರು, ಕಿವಿಯನ್ನು ಮಾತ್ರ ಅಗಲ ಮಾಡಿಕೊಂಡು.

"ಎಷ್ಟು ಸಲ ನೋಡಿದ್ರಿ?" ಎಂದರು ಅಕ್ಕ.

"ಏನನ್ನ?"

"ನನ್ನನ್ನ. ಕಳ್ಳಿ ಅಂತ ಎಲ್ಲರಿಗೂ ಕಳಿಸಿದ್ರಲ್ಲ, ಅದನ್ನ."

"ತುಂಬಾ ಸಲ."

"ನಾನು ಅಂತ ಒಂದ್ಸಲನೂ ಅನ್ನಿಸ್ಲಿಲ್ವಾ?"

ಕೋಟು ಅನ್ನುತ್ತಾರೆ, ಟೋಪಿ ಅನ್ನುತ್ತಾರೆ, ಬಿಸಿಲು ಅನ್ನುತ್ತಾರೆ ಎಂದು ಟೈಲರಮ್ಮ ಕಾದಳು. ಒಂದಲ್ಲ ಒಂದು ಸಬೂಬು ಸಿಗದ ಗಂಡಸೇ ಅಲ್ಲ ಅವರು. ಆದರೆ ಯಜಮಾನರು ಅಕ್ಕ ಬಿಚ್ಚಿಟ್ಟಿದ್ದ ಕಂದು ಕೋಟನ್ನು ಎತ್ತಿ ಮಡಚತೊಡಗಿದರು.

"ಆ ಹೆಂಗಸು ನೆಟ್ಟಗೆ ನಡೀತಿದ್ಲು ಕಣೇ," ಎಂದರು ಕಡೆಗೆ. "ಅದಕ್ಕೇ ನೀನಂತ ಅನ್ನಿಸ್ಲಿಲ್ಲ. ನೀನು ಹಾಗೆ ನಡೀತಿದ್ದೆ ಅನ್ನೋದೇ ನಂಗೆ ಮರೆತುಹೋಗಿತ್ತು."

ಅಕ್ಕನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಟೈಲರಮ್ಮ ಗಡಬಡಿಸಿ ಯಂತ್ರದ ಕಡೆ ತಿರುಗಿ, ಬಟ್ಟೆಯಿಲ್ಲ, ದಾರವಿಲ್ಲ, ಬರೀ ಯಂತ್ರವನ್ನೇ ಜೋರಾಗಿ ತುಳಿಯತೊಡಗಿದಳು. ಹಾಗೆ ತುಳಿದರೆ ಯಂತ್ರ ಸವೆಯುತ್ತದೆ, ಕೆಲಸ ಬಲ್ಲವರು ಯಾರೂ ತುಳಿಯುವುದಿಲ್ಲ. ಅವರಿಬ್ಬರು ಆಮೇಲೆ ಏನು ಮಾತಾಡಿಕೊಂಡರೋ ಆ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.